ಅಪ್ಪನ ಪಡಿಯಚ್ಚು

“ಇದು ನಿಮ್ಮಿಂದ ಬಂದದ್ದಲ್ಲ,” ಎಂದರು ಡಾಕ್ಟರಮ್ಮ.

ಕಟಿಂಗ್ ಅಂಗಡಿಯ ಕುಳ್ಳ ಚೋಟಣ್ಣನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಒಂಬತ್ತು ವರ್ಷದ ಮಗಳು ನೋಡಲು ಐದರ ಮಗುವಿನಷ್ಟೇ ಇದ್ದಳು. ಆಸ್ಪತ್ರೆಯ ಮಂಚದ ಮೇಲೆ ಕೂತು ಕಾಲಾಡಿಸುತ್ತಿದ್ದಳು. “ನನ್ನ ಮಗಳು ನನ್ನ ಹಾಗಿರದೆ ಪಕ್ಕದ ಮನೆಯವರ ಹಾಗಿರ್ತಾಳಾ?” ಎಂದು ಮೂರು ವರ್ಷ ಹೆಂಡತಿಯ ಬಾಯಿ ಮುಚ್ಚಿಸಿದ್ದ ಮಹಾನುಭಾವ ಇವನೇ. ಈಗ ಬಂದದ್ದೂ ಅವಳ ಕಾಟ ತಾಳಲಾರದೆ.

“ಮಿದುಳಿನ ಬುಡದಲ್ಲಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತೆ, ಪಿಟ್ಯುಟರಿ ಅಂತ. ಇವಳಿಗೆ ಹುಟ್ಟಿನಿಂದಲೇ ಅದು ಸರಿಯಾಗಿ ಬೆಳೆದಿಲ್ಲ. ಮೈ ಬೆಳೆಯೋಕೆ ಬೇಕಾದ ಹಾರ್ಮೋನು ಅದರಿಂದ ಬರ್ತಾ ಇಲ್ಲ. ದಿನಾ ಒಂದು ಇಂಜೆಕ್ಷನ್ ಕೊಟ್ರೆ ಬೆಳೀತಾಳೆ. ಮೊದಲೇ ಬಂದಿದ್ರೆ ಇನ್ನೂ ಚೆನ್ನಾಗಿತ್ತು.”

“ಬಾಯಿ ಬಡ್ಕೊಂಡೆ, ಕೇಳಿದ್ರಾ?” ಎಂದು ಪಕ್ಕದಲ್ಲಿದ್ದ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದಳು.

“ಎಷ್ಟು ಬೆಳೀತಾಳೆ?” ಎಂದು ಚೋಟಣ್ಣ ಕೇಳಿದ.

“ಇಷ್ಟೇ ಅಂತ ಹೇಳೋಕಾಗಲ್ಲ. ನಿಮ್ಮನ್ನ ದಾಟಿದ್ರೂ ದಾಟಬಹುದು.”

“ಹಾಗಾದ್ರೆ ನನಗೇನಾಗಿದೆ ಡಾಕ್ಟ್ರೇ?”

“ನಿಮಗೇನೂ ಆಗಿಲ್ಲ. ನಿಮ್ಮಪ್ಪ, ನಿಮ್ಮಜ್ಜ ಎಲ್ಲ ಹೀಗೇ ಇದ್ರು ಅಂದ್ರಲ್ಲ. ನೀವು ಕುಳ್ಳಗಿದ್ದೀರಿ, ಅಷ್ಟೇ.”

ಖುಷಿಪಡಬೇಕಾದ ಮಾತು. ಪಟ್ಟ ಕೂಡ, ಸುಳ್ಳೇಕೆ ಹೇಳಬೇಕು. ಆದರೆ ಹಾಳು ಮನಸ್ಸು! ಅಪ್ಪ, ಅಜ್ಜ ಹೋದ ಮೇಲೆ ಕುಳ್ಳರ ಪೈಕಿ ಅವನು ಒಂಟಿ. ಹಲಗೆಯ ಮೇಲೆ ನಿಂತು ಊರವರ ತಲೆಗೂದಲು ಕತ್ತರಿಸುವಾಗಲೂ ಅವರ ನಗೆಚಾಟಿಕೆಗೆ ಇವನೇ ಗುರಿ. ಮನೆಮಂದಿ ಫೋಟೋಗೆ ನಿಂತರೆ ಅವನನ್ನು ಮಕ್ಕಳ ಸಾಲಿಗೆ ತಳ್ಳುತ್ತಿದ್ದರು. ಮಗಳು ಬಂದ ಮೇಲೆ ಅದೇ ಸಾಲಿನಲ್ಲಿ ಅವಳ ಹೆಗಲಿಗೆ ಕೈಯಿಟ್ಟು ದೊರೆಯ ಹಾಗೆ ನಿಲ್ಲುತ್ತಿದ್ದ. “ಅಪ್ಪನ ಪಡಿಯಚ್ಚು” ಎಂದು ಜನ ಗೇಲಿ ಮಾಡಿದರೆ ಇವನಿಗೆ ಹಾಲು ಕುಡಿದಷ್ಟು ಸಂತೋಷ. ಆ ಸಂತೋಷಕ್ಕೆ ಮಗುವಿನ ಮೂರು ವರ್ಷ ನುಂಗಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಅಷ್ಟಾದರೂ, ಇವಳು ಹೀಗೇ ಇದ್ದಿದ್ದರೆ ಎಂಬ ಆಸೆ ಪೂರ್ತಿ ಸಾಯಲಿಲ್ಲ. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ನರ್ಸಮ್ಮ ಪೆನ್ನಿನಂಥ ಇಂಜೆಕ್ಷನ್ ತಂದು ಅವನ ಕೈಗಿತ್ತಳು. “ಮನೇಲಿ ದಿನಾ ನೀವೇ ಕೊಡಬೇಕಾಗುತ್ತೆ, ಇವತ್ತು ನನ್ನ ಮುಂದೆ ಕೊಡಿ. ತೊಡೆಗೆ. ಕೈ ನಡುಗಬಾರದು.”

“ನನ್ನ ಕೈಯಾ? ಇಪ್ಪತ್ತು ವರ್ಷದಿಂದ ಜನರ ಗಂಟಲ ಮೇಲೆ ಬ್ಲೇಡು ಆಡಿಸ್ತಿದ್ದೀನಿ ಸಿಸ್ಟರ್. ಒಬ್ಬರಿಗೂ ಗೀರಿಲ್ಲ.”

ಹಾಗೆಂದವನೇ ಎರಡು ಸಲ ತೊಡೆಯ ಹತ್ತಿರ ಒಯ್ದು ಹಿಂದೆ ತೆಗೆದ. ನೋವಾದೀತು ಎಂದು ಮಗಳು ಹೆದರಿದ್ದಾಳೆಂದುಕೊಂಡು ನರ್ಸಮ್ಮ ಅವಳ ತಲೆ ಸವರಿದಳು. ಮಗಳು ಸೂಜಿಯನ್ನು ನೋಡುತ್ತಲೇ ಇರಲಿಲ್ಲ; ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪಾ, ನಾನೂ ಅಮ್ಮನ ಥರ ಉದ್ದ ಆಗ್ಬಿಟ್ರೆ, ಕುಳ್ಳ ಅಂತ ನೀನೊಬ್ನೇ ಉಳೀತೀಯಲ್ಲಪ್ಪಾ?”

“ಅಲುಗಾಡ್ಬೇಡ ಕಂದಾ,” ಎಂದು ಚೋಟಣ್ಣ ಸೂಜಿ ಚುಚ್ಚಿದ.