ಕಿತ್ತಳೆ ಕಾಫಿ

ಹಾಯಿ ಇಳಿಸಿ, ದೋಣಿ ಕಟ್ಟಿ, ಇಬ್ಬರೂ ಲೋಟ ಹಿಡಿದು ದೋಣಿಯಲ್ಲೇ ಕೂತಿದ್ದಾಗ ಅವಳು ಜೆಟ್ಟಿಗೆ ಬಂದಳು. ಕೂತವರಲ್ಲಿ ಒಬ್ಬ ಅವಳ ಗಂಡ, ಇನ್ನೊಬ್ಬಳು ಒಡಹುಟ್ಟಿದ ತಂಗಿ. ಏಳು ವಾರದ ಹಿಂದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಾಗ, ದೋಣಿಯಲ್ಲಿ ತನ್ನ ಜಾಗಕ್ಕೆ ತಂಗಿಯನ್ನು ಒತ್ತಾಯ ಮಾಡಿ ಕಳುಹಿಸಿದ್ದು ಅವಳೇ. ಈ ದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದ್ದರು. ಭಾನುವಾರದ ಪಂದ್ಯಕ್ಕೆ ತಾನೇ ಬರುತ್ತೇನೆ ಎಂದು ಹೇಳಲು ನೇರವಾಗಿ ಇಲ್ಲಿಗೆ ಬಂದಿದ್ದಳು. ಚೀಲದಲ್ಲಿ ಫ್ಲಾಸ್ಕ್ ಇತ್ತು, ಫ್ಲಾಸ್ಕಿನಲ್ಲಿ ನಿಂಬೆ ಷರಬತ್ತು.

ಆ ದೋಣಿಯಲ್ಲಿ ದಡ ಸೇರಿದ ಮೇಲೆ ಕುಡಿಯುವುದು ಅದನ್ನೇ. ಅರ್ಧ ನಿಂಬೆ, ಹೆಬ್ಬೆರಳ ಗೆಣ್ಣಿನಷ್ಟು ಶುಂಠಿ, ಚಿಟಿಕೆ ಉಪ್ಪು, ಸಕ್ಕರೆ ಇಲ್ಲ. ಮುಂದಿನ ಹಗ್ಗ, ಹಿಂದಿನ ಹಗ್ಗ ಎರಡೂ ಜೆಟ್ಟಿಯ ಗೂಟಕ್ಕೆ ಬೀಳುವ ತನಕ ಯಾರೂ ಲೋಟ ಮುಟ್ಟುವಂತಿಲ್ಲ. ಹಗ್ಗ ಕಟ್ಟಿದವರೇ ಲೋಟ ತುಂಬಬೇಕು. ನಿಯಮ ಮಾಡಿದವನು ಗಂಡ. ಹನ್ನೊಂದು ವರ್ಷ ಕಟ್ಟಿದವಳು, ತುಂಬಿದವಳು ಅವಳು.

"ಬಾ ಅಕ್ಕ, ಸರಿಯಾದ ಹೊತ್ತಿಗೆ ಬಂದೆ," ಎಂದಳು ತಂಗಿ. "ಇದರ ರುಚಿ ನೋಡು."

"ಏನದು?"

"ಕಪ್ಪು ಕಾಫಿ, ಕಿತ್ತಳೆ ರಸ, ಮೇಲೆ ಐಸು."

"ಕಾಫಿಗೆ ಕಿತ್ತಳೆಯಾ? ಇವರು ಕುಡಿದ್ರಾ?"

"ಇದು ಎರಡನೇ ಲೋಟ," ಎಂದ ಗಂಡ. "ಬಿಸಿಲಲ್ಲಿ ಬೆಂದು ಬಂದ ಬಾಯಿಗೆ ಎಷ್ಟು ಚೆನ್ನಾಗಿದೆ ಗೊತ್ತಾ? ಇಷ್ಟು ವರ್ಷ ನಾವು ಕಷಾಯ ಕುಡೀತಾ ಇದ್ವಿ ಕಣೇ."

ತಂಗಿ ನಕ್ಕಳು. ಅವಳೂ ನಕ್ಕಳು, ನಗುತ್ತಲೇ ಚೀಲದ ಜಿಪ್ ಎಳೆದು ಮುಚ್ಚಿ ಹೆಗಲಿನ ಹಿಂದಕ್ಕೆ ಸರಿಸಿದಳು.

"ಡಾಕ್ಟರು ಪಟ್ಟಿ ಬಿಚ್ಚಿದ್ರು. ಭಾನುವಾರ ನಾನೇ ಬರ್ತೀನಿ."

ಗಂಡ ತಂಗಿಯ ಮುಖ ನೋಡಿದ. ಅರೆಗಳಿಗೆ, ಅಷ್ಟೇ.

"ಅವಸರ ಏನಿದೆ? ಪುಟ್ಟಿಗೆ ಈಗಷ್ಟೇ ಕೈ ಪಳಗಿದೆ. ಇವತ್ತು ದೋಣಿ ಮೂರು ಸಲ ತಿರುಗಿಸಿದ್ವಿ. ಮೂರು ಸಲವೂ ನಾನು ಬಾಯಿ ಬಿಡೋದ್ರೊಳಗೆ ಹಾಯಿ ಆ ಕಡೆ ಹೋಗಿತ್ತು."

"ಅಕ್ಕನ ಜಾಗ ಅಕ್ಕಂದೇ ಭಾವ. ನಾನು ಬದಲಿ ಟೀಚರು. ರಜ ಮುಗಿಸಿ ಖಾಯಂ ಟೀಚರು ಬಂದ್ರೆ ಚಾಕ್‌ಪೀಸ್ ಇಟ್ಟು ಹೊರಡೋದು."

"ಮಕ್ಕಳಿಗೆ ಯಾವಾಗಲೂ ಬದಲಿ ಟೀಚರೇ ಇಷ್ಟ," ಎಂದ ಗಂಡ. ತನ್ನ ಮಾತಿಗೆ ತಾನೇ ಖುಷಿಪಟ್ಟು ಎದ್ದ. "ತಡಿ, ನಿಂಗೂ ಒಂದು ಲೋಟ ಮಾಡ್ಕೊಂಡು ಬರ್ತೀನಿ. ಪುಟ್ಟಿ ನಂಗೂ ಕಲಿಸಿದಾಳೆ."

ಬೆನ್ನು ಬಗ್ಗಿಸಿ ಅವನು ದೋಣಿಯ ಗೂಡಿನೊಳಗೆ ಇಳಿದ. ನಿಂಬೆಹಣ್ಣು ಯಾವ ಡಬ್ಬಿಯಲ್ಲಿದೆ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದವನು ಈಗ ಒಳಗೆ ಚಮಚ ಆಡಿಸುತ್ತಿದ್ದ. ಅವಳು ಚೀಲವನ್ನು ಕೆಳಗಿಟ್ಟಳು. ಮುಂದಿನ ಗೂಟದ ಬಳಿ ಹೋಗಿ ಬಗ್ಗಿದಳು.

"ಎರಡೂ ಕಟ್ಟಿದೀನಿ ಅಕ್ಕ," ಎಂದಳು ತಂಗಿ.

"ನೋಡ್ತೀನಿ ಅಷ್ಟೇ."

ತಪ್ಪು ಹುಡುಕಿದಳು, ಸಿಗಲಿಲ್ಲ. ಗಂಟು ಅವಳು ಹಾಕುವಂಥದ್ದಲ್ಲ, ಆದರೆ ಬಿಗಿಯಾಗಿತ್ತು. ಮಿಕ್ಕ ಹಗ್ಗವನ್ನು ತಂಗಿ ಯಾರ ಕಾಲಿಗೂ ತೊಡರದಂತೆ ಸುರುಳಿ ಸುತ್ತಿ ಇಟ್ಟಿದ್ದಳು. ತಪ್ಪೊಂದು ಸಿಕ್ಕಿದ್ದರೆ ಅವಳು ಅಲ್ಲಿಗೇ ಸುಮ್ಮನಾಗುತ್ತಿದ್ದಳೇನೋ. ಗಂಟು ಬಿಚ್ಚಿ, ತನ್ನ ರೀತಿಯಲ್ಲಿ ಎರಡು ಸುತ್ತು ಸುತ್ತಿ ಕುಣಿಕೆ ಹಾಕಿದಳು. ಕುಣಿಕೆ ಜಗ್ಗಿ ಬಿಗಿಯುವ ಹೊತ್ತಿಗೆ ಮಣಿಕಟ್ಟು ಒಪ್ಪಲಿಲ್ಲ. ನೋಡಲು ಮಾತ್ರ ಗಂಟು ಸರಿಯಾಗಿಯೇ ಇತ್ತು. ಹಿಂದಿನ ಗೂಟಕ್ಕೆ ಹೋಗಿ ಅದನ್ನೂ ಬಿಚ್ಚಿದಳು.

ಒದ್ದೆ ನೈಲಾನ್ ಹಗ್ಗ ಸಡಿಲ ಕುಣಿಕೆಯಲ್ಲಿ ನಿಲ್ಲುವುದಿಲ್ಲ. ಗಾಳಿ ದಡದ ಕಡೆಯಿಂದ ಬೀಸುತ್ತಿತ್ತು. ಮುಂದಿನ ಹಗ್ಗ ಗೂಟದಿಂದ ಸರ್ರನೆ ಕಳಚಿಕೊಂಡಿತು. ಒಂದೂವರೆ ಟನ್ ದೋಣಿಯ ಪೂರ್ತಿ ಸೆಳೆತ ಅವಳ ಕೈಯಲ್ಲಿದ್ದ ಹಗ್ಗಕ್ಕೆ ಬಂತು. ಅವಳು ಎರಡು ಹೆಜ್ಜೆ ಎಳೆಸಿಕೊಂಡು ಹೋದಳು. ಮೂರನೆಯ ಹೆಜ್ಜೆಗೆ ಜೆಟ್ಟಿ ಮುಗಿಯುತ್ತಿತ್ತು. ಹಗ್ಗ ಬಿಟ್ಟಳು.

ಗಂಡ ಲೋಟ ಹಿಡಿದು ಗೂಡಿನಿಂದ ಮೇಲೆ ಬಂದಾಗ ದೋಣಿಗೂ ಜೆಟ್ಟಿಗೂ ನಡುವೆ ಎರಡು ಮಾರು ನೀರಿತ್ತು. ಎರಡೂ ಹಗ್ಗ ನೀರಿಗೆ ಇಳಿಬಿದ್ದಿದ್ದವು. ಪಕ್ಕದ ದೋಣಿಯವರು ಎದ್ದು ನಿಂತು ನೋಡುತ್ತಿದ್ದರು.

"ಯಾರು ಕಟ್ಟಿದ್ದು ಇದನ್ನ?"

ಗಂಡನ ಆ ದನಿ ಅವಳಿಗೆ ಹೊಸದಲ್ಲ. ಮದುವೆಯಾದ ಎರಡನೇ ವರ್ಷ ಒಂದೇ ಒಂದು ಸಲ ಅವಳ ಗಂಟು ಜಾರಿತ್ತು. ಜೆಟ್ಟಿಯಲ್ಲಿದ್ದವರೆಲ್ಲರ ಎದುರಿಗೆ ಶುರುವಾದ ಬೈಗುಳ ಮನೆ ಬಾಗಿಲಿನವರೆಗೂ ಬಂದಿತ್ತು. ಆಮೇಲೆ ಮೂರು ದಿನ ಮಾತಿರಲಿಲ್ಲ.

ತಂಗಿ ಎಲ್ಲವನ್ನೂ ನೋಡಿದ್ದಳು. ಜೆಟ್ಟಿಯ ಅಂಚಿನಲ್ಲಿ ಬರಿಗೈಯಲ್ಲಿ ನಿಂತಿದ್ದ ಅಕ್ಕನನ್ನು ಒಮ್ಮೆ ನೋಡಿ, ಭಾವನ ಕಡೆ ತಿರುಗಿದಳು.

"ನಾನೇ ಭಾವ. ಸರಿಯಾಗಿ ಬಿಗಿದಿರಲಿಲ್ಲ ಅನ್ಸುತ್ತೆ."

ನಿಜ ಹೇಳಲು ಅಕ್ಕನಿಗೆ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ. ಈಗ ಬೈಗುಳ ಬರುತ್ತದೆ ಎಂದು ಕಾದಳು. ಬರಲಿ ಎಂದೇ ಕಾದಳು. ನೀರಿನ ಮೇಲೆ ಮೆಲ್ಲಗೆ ಆಡಿದ ಮಾತೂ ದಡಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ.

"ಪರವಾಗಿಲ್ಲ ಬಿಡು ಪುಟ್ಟಿ," ಎಂದ ಗಂಡ. "ಎಲ್ಲರ ಕೈಲೂ ಆಗುತ್ತೆ."