ಐದನೆಯ ತಂಡ

ಬೆಳಿಗ್ಗೆ ಇವರ ಆಟದ ಉದ್ದನೆಯ ಕಾಲುಚೀಲಗಳನ್ನು ಹಿಂಡಿ ಹರವುತ್ತಿದ್ದೆ. ಇವರ ಫೋನು ಬಡಿದುಕೊಂಡಿತು. ಮಾತು ಮುಗಿಸಿ ಬಂದವರು ನನ್ನ ಬಕೆಟ್ಟಿನ ಪಕ್ಕದಲ್ಲೇ ಕುಕ್ಕರಿಸಿದರು.

"ಮತ್ತೆ ನನ್ನನ್ನ ಬೇರೆ ತಂಡಕ್ಕೆ ಕೊಟ್ಟುಬಿಟ್ರು ಕಣೇ. ನಾಳೆಯೇ ಹೊರಡ್ಬೇಕು."

ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಆಟಗಾರರ ಬದುಕೇ ಹೀಗೆ. ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ಊರಿನ ತಂಡಕ್ಕೆ ದಾಟಿಸಿಬಿಡುತ್ತದೆ. ಹನ್ನೊಂದು ವರ್ಷದಿಂದ ಎಡಬದಿಯಿಂದ ಮುನ್ನುಗ್ಗಿ ಆಡುವ ವಿಂಗರ್ ಆಗಿರುವ ಇವರಿಗೆ ಇದು ಐದನೆಯ ತಂಡ. ಹಿಂದಿನ ಮೂರು ಸಲವೂ ನಾನು, ಮಗಳು ದೇಚು ಪಾತ್ರೆ ಪಡಗ ಕಟ್ಟಿಕೊಂಡು ಇವರ ಹಿಂದೆಯೇ ಹೋಗಿದ್ದೆವು.

"ಆಗ್ಲಿ ಬಿಡಿ, ಈ ವಾರದಲ್ಲೇ ನಾವೂ ಬರ್ತೀವಿ," ಎಂದೆ.

"ಬೇಡ. ದೇಚು ಈಗಷ್ಟೇ ಸ್ಕೂಲಿಗೆ ಹೊಂದ್ಕೊಂಡಿದಾಳೆ. ಈ ಸಲ ನೀವಿಬ್ರೂ ಇಲ್ಲೇ ಇರಿ."

ತಾನು ಒಂಟಿಯಾದರೂ ಸರಿ, ಮಗು ನೋಯಬಾರದು ಎನ್ನುವ ಗಂಡ. ನನಗೆ ಕಣ್ಣು ತುಂಬಿತು.

"ನಿಮ್ಮನ್ನ ಒಂದು ಮಾತು ಕೇಳೋದಿಲ್ವಾ ಅವ್ರು?"

"ನಮ್ಮನ್ನ ಯಾರು ಕೇಳ್ತಾರೆ? ಸಂತೆಯ ಕುರಿಗಳು ನಾವು."

ಒಳಗೆ ಟೀವಿಯಲ್ಲಿ ಅಪ್ಪನ ಸುದ್ದಿ ನೋಡುತ್ತಿದ್ದ ದೇಚು ಹಾಲಿನ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹತ್ತು ವರ್ಷದವಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಏನೋ ಕೇಳಲು ಹೋಗಿ ನುಂಗಿಕೊಂಡಳು.

"ಏನು ಕಂದಾ? ಕೇಳು," ಎಂದೆ.

"ಅಪ್ಪಾ, ನಿನ್ನ ಸಹಿ ಇಲ್ದೆ ನಿನ್ನನ್ನ ಎಲ್ಲಿಗೂ ಕಳಿಸೋ ಹಾಗಿಲ್ಲ ಅಂತ ಒಪ್ಪಂದದಲ್ಲೇ ಇದೆಯಂತೆ, ಟೀವಿಲಿ ಹೇಳಿದ್ರು. ಮತ್ತೆ ನೀನ್ಯಾಕೆ ಸಹಿ ಹಾಕ್ದೆ?"