ಹದ್ದಿನ ಪಾಲು

ಜ್ವರದ ಮಗುವಿನ ತಲೆಗೆ ನಿವಾಳಿಸಿದ ಮಾಂಸದ ತುಂಡನ್ನು ಹಾಜಿರಾಬಿ ಮತ್ತೆ ಆಕಾಶಕ್ಕೆ ಎಸೆದಳು. ಹದ್ದು ಎತ್ತಿಕೊಂಡು ಹೋದರೆ ಕಾಯಿಲೆಯೂ ಹೋದಂತೆ. ತುಂಡು ಮಾಳಿಗೆಯ ಮೇಲೆಯೇ ಬಿತ್ತು. ಹಲಸೂರಿನ ಹದ್ದುಗಳೆಲ್ಲ ಸೋಲ್ಜರ್ ಕ್ಯಾಂಪಿನ ಅಡುಗೆಮನೆಯ ಮೇಲೆ ಸುತ್ತುತ್ತಿದ್ದವು.

“ಯುದ್ಧ ಬಂದ್ಮೇಲೆ ಇವಕ್ಕೂ ಮಿಲಿಟರಿ ಊಟಾನೇ ಬೇಕು. ನಮ್ಮ ತುಂಡು ಯಾವ ಲೆಕ್ಕ!” ಎಂದು ಬೈಯುತ್ತ ಮುದುಕಿ ಅದನ್ನು ಹೆಕ್ಕಿದಳು. ಸೊಸೆ ಫಹ್ಮಿದಾ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದಳು. ಅವಳ ಕತ್ತಿಗೆ ತಾಗುತ್ತಿದ್ದ ಬಿಸಿಯುಸಿರು ನಿಂತಿತು. ಅವಳು ಕಾದಳು. ಅದು ಮತ್ತೆ ಬರಲಿಲ್ಲ.

ಮುದುಕಿ ಎಸೆದ ತುಂಡನ್ನು ಈ ಸಲ ಹದ್ದೊಂದು ಎರಗಿ ಗಾಳಿಯಲ್ಲೇ ಹಿಡಿಯಿತು.

“ತಗೊಂಡೋಯ್ತು! ಫಹ್ಮಿದಾ, ತಗೊಂಡೋಯ್ತು ಕಣೆ!” ಅತ್ತೆ ಅಳುತ್ತಳುತ್ತಲೇ ನಕ್ಕಳು.

ಫಹ್ಮಿದಾ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: “ಇನ್ನೊಂದು ತುಂಡು ಎಸೀರಿ, ಅಮ್ಮಿ.”